ಹೊಲಿಗೆಯ ಎತ್ತರ: ಮೂಲವ್ಯಾಧಿಯ ಸ್ಟೇಪ್ಲರ್ ಆಪರೇಷನ್ ಕಲಿಸಿದ ಪಾಠಗಳು

ಶಿವನಿ, ಅಜ್ಜಂಪುರ, ತರೀಕೆರೆ ಕಡೆಯವರು ಮೂಲವ್ಯಾಧಿಗೆಂದು ಸರ್ಜನ್ ಹತ್ತಿರ ಬರುವುದು ಎಲ್ಲ ಮುಗಿದ ಮೇಲೆ. ಮೊದಲು ಮನೆಮದ್ದು, ಆಮೇಲೆ ಯಾರೋ ಹೇಳಿದ ನಾಟಿ ಔಷಧಿ, ಆಮೇಲೆ ಬಸ್‌ಸ್ಟ್ಯಾಂಡ್ ಗೋಡೆಯ ಮೇಲೆ ಬರೆಸಿದ 'ಒಂದೇ ಇಂಜೆಕ್ಷನ್‌ನಲ್ಲಿ ಗುಣ'. ಅಷ್ಟು ಹೊತ್ತಿಗೆ ನಾಲ್ಕಾರು ವರ್ಷ ಕಳೆದಿರುತ್ತದೆ. ಬಂದ ಮೇಲೂ 'ಈರುಳ್ಳಿ ಕಿತ್ತು ಮುಗೀಲಿ ಸಾರ್', 'ಅಡಿಕೆ ಕೊಯ್ಲು ಆಗಲಿ ಸಾರ್' ಎಂದು ಮುಂದೂಡುತ್ತಾರೆ. ಅವರನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ. ಒಂದೂವರೆ ತಿಂಗಳು ಹೊಲದ ಕಡೆ ತಲೆ ಹಾಕಬೇಡ ಎಂದರೆ ಮಳೆ ನಂಬಿದ ಮನೆ ನಡೆಯುವುದು ಹೇಗೆ?

ಈಚೆಗೆ ಬರುವವರು ಒಂದು ಪ್ರಶ್ನೆಯನ್ನು ಜೊತೆಗೇ ತರುತ್ತಾರೆ. 'ಪಿನ್ ಹೊಡಿಯೋ ಆಪರೇಷನ್ ಬಂದಿದೆಯಂತಲ್ಲ ಡಾಕ್ಟ್ರೇ, ನೋವೇ ಇರಲ್ವಂತೆ, ಮಾರನೇ ದಿನಾನೇ ಮನೆಗೆ ಕಳಿಸ್ತಾರಂತೆ?' ಅವರು ಕೇಳುತ್ತಿರುವುದು ಸ್ಟೇಪ್ಲರ್ ಶಸ್ತ್ರಚಿಕಿತ್ಸೆಯನ್ನು. ಇಟಲಿಯ ಆಂಟೋನಿಯೋ ಲಾಂಗೋ ಎಂಬ ಸರ್ಜನ್ 1998ರಲ್ಲಿ ರೋಮ್‌ನ ಸಮ್ಮೇಳನವೊಂದರಲ್ಲಿ ಇದನ್ನು ಲೋಕದ ಮುಂದಿಟ್ಟರು. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಇದನ್ನು ಎಂಐಪಿಎಚ್ ಎನ್ನುವುದೇ ಹೆಚ್ಚು. ನಾನು ಹಳೆಯ ಕತ್ತರಿ-ಹೊಲಿಗೆಯ ಪದ್ಧತಿಯಲ್ಲಿ ಪಳಗಿ, ಆಮೇಲೆ ಸ್ಟೇಪ್ಲರ್ ಹಿಡಿದವನು. ಇವತ್ತಿಗೂ ಎರಡನ್ನೂ ಮಾಡುತ್ತೇನೆ. ಎರಡನ್ನೂ ಮಾಡುವುದರಿಂದ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಇಳಿಯುವ ಕಿರಿಯ ಡಾಕ್ಟರುಗಳಿಗೂ, ಆಪರೇಷನ್ ಮೇಜಿನ ಮೇಲೆ ಮಲಗಬೇಕಾದವರಿಗೂ ಉಪಯೋಗವಾಗಲಿ ಎಂಬುದು ನನ್ನ ಆಸೆ.

1. ರಕ್ತ ಬಂದದ್ದೆಲ್ಲ ಮೂಲವ್ಯಾಧಿಯಲ್ಲ

ನಮ್ಮಲ್ಲಿ ಆ ಜಾಗದಲ್ಲಿ ಏನಾದರೂ ಹೆಸರು ಒಂದೇ. ಫಿಷರ್ ಎಂಬ ಸೀಳು, ಫಿಸ್ಟುಲಾ, ಕೀವುಗಟ್ಟಿದ ಗುಳ್ಳೆ, ಗುದನಾಳವೇ ಜಾರಿ ಹೊರಬರುವುದು, ಕೊನೆಗೆ ಕ್ಯಾನ್ಸರ್ ಕೂಡ 'ಪೈಲ್ಸು' ಎಂದೇ ಬರುತ್ತದೆ. ಮಲವಿಸರ್ಜನೆಯ ಹೊತ್ತಿಗೆ ಬ್ಲೇಡಿನಲ್ಲಿ ಕುಯ್ದ ಹಾಗೆ ನೋವು, ಒಂದೆರಡು ಹನಿ ರಕ್ತ ಎಂದರೆ ಅದು ಬಹುಮಟ್ಟಿಗೆ ಫಿಷರ್. ಒಳಮೂಲವ್ಯಾಧಿಯಲ್ಲಿ ಸಾಮಾನ್ಯವಾಗಿ ನೋವಿರುವುದಿಲ್ಲ, ರಕ್ತ ಮಾತ್ರ ಚಿಮ್ಮುತ್ತದೆ ಅಥವಾ ತೊಟ್ಟಿಕ್ಕುತ್ತದೆ.

ಬೆರಳು ಹಾಕಿ ನೋಡದೆ ಔಷಧಿ ಚೀಟಿ ಬರೆಯುವುದು ನನ್ನ ದೃಷ್ಟಿಯಲ್ಲಿ ಅಪರಾಧ. ಕೈಗೆ ಸಿಗುವಷ್ಟು ಕೆಳಗಿರುವ ಗುದನಾಳದ ಕ್ಯಾನ್ಸರಿಗೆ ವರ್ಷಗಟ್ಟಲೆ ಮುಲಾಮು ಹಚ್ಚಿಕೊಂಡು ಬಂದವರನ್ನು ನೋಡಿದ್ದೇನೆ. ಅವರಲ್ಲಿ ಮೂವತ್ತು, ಮೂವತ್ತೈದರ ವಯಸ್ಸಿನವರೂ ಇದ್ದರು. ಹಾಗಾಗಿ ವಯಸ್ಸು ನೋಡಿ ಸಮಾಧಾನ ಮಾಡಿಕೊಳ್ಳಬಾರದು. ಮಲದ ರೀತಿ ಈಚೆಗೆ ಬದಲಾಗಿದೆಯೇ, ಲೋಳೆ ಬೆರೆತ ಕಪ್ಪುಗೆಂಪು ರಕ್ತವೇ, ಹೋಗಿ ಬಂದರೂ ಹೋದ ಹಾಗಿಲ್ಲ ಎನಿಸುತ್ತದೆಯೇ, ತೂಕ ಇಳಿದಿದೆಯೇ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇತ್ತೇ ಎಂದು ಕೇಳಲೇಬೇಕು. ಒಂದಕ್ಕೆ ಹೌದು ಎಂದರೂ ಕೊಲೊನೋಸ್ಕೋಪಿ ಆಗುವವರೆಗೆ ನಾನು ಮೂಲವ್ಯಾಧಿಯನ್ನು ಮುಟ್ಟುವುದಿಲ್ಲ. ಶಿವಮೊಗ್ಗಕ್ಕೋ ದಾವಣಗೆರೆಗೋ ಒಂದು ಓಡಾಟ ಹೆಚ್ಚಾಗುತ್ತದೆ, ಆಗಲಿ.

2. ನೋವು ಯಾಕೆ ಕಡಿಮೆ ಎಂಬುದನ್ನು ರೋಗಿಗೂ ತಿಳಿಸಬೇಕು

ಗುದನಾಳದ ಒಳಗೆ, ಬಾಗಿಲಿನಿಂದ ಸುಮಾರು ಎರಡು ಸೆಂಟಿಮೀಟರ್ ಮೇಲೆ ಒಂದು ಅಂಕುಡೊಂಕು ಗೆರೆ ಇದೆ. ಡೆಂಟೇಟ್ ಲೈನ್ ಎನ್ನುತ್ತೇವೆ. ಗೆರೆಯ ಕೆಳಗಿನದು ಚರ್ಮದ ನಂಟು, ಸೂಜಿಮೊನೆ ತಾಗಿದರೂ ಜೀವ ಹೋಗುವಷ್ಟು ನೋವು. ಮೇಲಿನದು ಕರುಳಿನ ನಂಟು, ಅಲ್ಲಿ ಕತ್ತರಿಸಿದರೂ ಚರ್ಮದ ಹಾಗೆ ನೋಯುವುದಿಲ್ಲ. ಒಳಗಿರುವ ಮೆತ್ತನೆಯ ರಕ್ತನಾಳಗಳ ದಿಂಡು ಎಲ್ಲರಿಗೂ ಹುಟ್ಟಿನಿಂದಲೇ ಇರುತ್ತದೆ. ಗಾಳಿ ಮತ್ತು ನೀರು ಸೋರದಂತೆ ಬಾಗಿಲು ಬಿಗಿಯಾಗಿರಲು ಅದರ ಪಾಲೂ ಇದೆ. ಅದನ್ನು ಹಿಡಿದಿರುವ ಅಂಗಾಂಶ ಸಡಿಲಾಗಿ ಕೆಳಗೆ ಜಾರಿದಾಗ ಅದು ಮೂಲವ್ಯಾಧಿ.

1937ರಲ್ಲಿ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಮಿಲಿಗನ್ ಮತ್ತು ಮಾರ್ಗನ್ ಬರೆದ ಪದ್ಧತಿಯಲ್ಲಿ ಜಾರಿದ ಮೊಳಕೆಗಳನ್ನು ಕತ್ತರಿಸಿ ತೆಗೆದು ಗಾಯವನ್ನು ತೆರೆದೇ ಬಿಡುತ್ತೇವೆ. ಗಾಯ ಗೆರೆಯ ಕೆಳಗಿನ ಚರ್ಮಕ್ಕೂ ಬರುವುದರಿಂದ ನೋವು ತಪ್ಪಿದ್ದಲ್ಲ, ಪೂರ್ತಿ ಮಾಯಲು ತಿಂಗಳು, ಒಂದೂವರೆ ತಿಂಗಳು ಬೇಕು. ಲಾಂಗೋ ಮೊಳಕೆಯ ತಂಟೆಗೇ ಹೋಗಲಿಲ್ಲ. ಗೆರೆಗಿಂತ ಸಾಕಷ್ಟು ಮೇಲೆ, ಗುದನಾಳದ ಸಡಿಲ ಒಳಪದರವನ್ನು ಬಳೆಯ ಆಕಾರದಲ್ಲಿ ಕತ್ತರಿಸಿ, ಅದೇ ಹೊಡೆತಕ್ಕೆ ಟೈಟಾನಿಯಂ ಪಿನ್ನುಗಳಿಂದ ಎರಡು ಸಾಲು ಕೂಡಿಸಿದರು. ಕೆಳಗೆ ಜಾರಿದ್ದು ಮೇಲಕ್ಕೆ ಎಳೆದುಕೊಂಡು ತನ್ನ ಜಾಗಕ್ಕೆ ಹೋಯಿತು, ಅಲ್ಲಿಗೆ ಬರುವ ರಕ್ತನಾಳದ ಕವಲುಗಳೂ ಒಂದಷ್ಟು ತುಂಡಾದವು. ಹೊರಗೆ ಗಾಯವೇ ಇಲ್ಲ.

ಇಷ್ಟನ್ನು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರೆ ಹೆಬ್ಬೆಟ್ಟಿನ ಅಜ್ಜಿಗೂ ಅರ್ಥವಾಗುತ್ತದೆ. ಅರ್ಥವಾದವರು ಮುಂದಿನ ಮಾತನ್ನೂ ಒಪ್ಪುತ್ತಾರೆ. ಈ ಆಪರೇಷನ್ನು ಜಾರಿದ್ದನ್ನು ಎತ್ತುತ್ತದೆ, ಹೊರಗಿನದನ್ನು ತೆಗೆಯುವುದಿಲ್ಲ.

3. ಯಾರಿಗೆ ಬೇಡ ಎನ್ನುವುದನ್ನು ಮೊದಲು ತೀರ್ಮಾನಿಸಿ

ನಾಲ್ಕು ಪ್ರಶ್ನೆ ಕೇಳುತ್ತೇನೆ. ಮೊಳಕೆ ಹೊರಗೆ ಬರುತ್ತದೆಯೇ? ಬಂದದ್ದು ತಾನಾಗಿಯೇ ಒಳಗೆ ಹೋಗುತ್ತದೆಯೇ? ಕೈಯಿಂದ ತಳ್ಳಬೇಕೇ? ತಳ್ಳಿದರೂ ನಿಲ್ಲುವುದಿಲ್ಲವೇ? ಒಂದರಿಂದ ನಾಲ್ಕರವರೆಗಿನ ದರ್ಜೆ ಇಷ್ಟರಲ್ಲೇ ಮುಗಿಯುತ್ತದೆ.

ಮೊದಲ ಎರಡು ದರ್ಜೆಯವರಿಗೆ ಆಪರೇಷನ್ ಮಾತು ಎತ್ತುವುದೇ ತಪ್ಪು. ಊಟ ಸರಿಮಾಡಿ, ತಿಣುಕುವುದನ್ನು ಬಿಡಿಸಿ, ಬೇಕಾದರೆ ರಬ್ಬರ್ ಬ್ಯಾಂಡ್ ಹಾಕಿದರೆ ಸಾಕು. ಬ್ಯಾಂಡು 1963ರಲ್ಲಿ ಬ್ಯಾರನ್ ಎಂಬುವರು ಚಾಲ್ತಿಗೆ ತಂದದ್ದು. ಓಪಿಡಿಯಲ್ಲೇ ಆಗುತ್ತದೆ, ಖರ್ಚು ಕಡಿಮೆ, ಅದೇ ದಿನ ಬಸ್ಸು ಹತ್ತಿ ಊರಿಗೆ ಹೋಗಬಹುದು. ಬ್ಯಾಂಡಿಗೆ ಬಗ್ಗುವ ಮೂಲವ್ಯಾಧಿಗೆ ಸ್ಟೇಪ್ಲರ್ ಹೊಡೆಯುವುದು ರೋಗಿಗೆ ಮಾಡುವ ಅನ್ಯಾಯ.

ಸ್ಟೇಪ್ಲರಿನ ನಿಜವಾದ ರೋಗಿ ಮೂರನೇ ದರ್ಜೆಯವನು. ಅದರಲ್ಲೂ ಒಂದು ಕಡೆಯಷ್ಟೇ ಅಲ್ಲದೆ ಸುತ್ತಲೂ ಸಮವಾಗಿ ಜಾರಿರಬೇಕು, ಕೈಯಿಂದ ತಳ್ಳಿದರೆ ಪೂರ್ತಿ ಒಳಗೆ ಹೋಗಬೇಕು, ಹೊರಗೆ ಚರ್ಮದ ಜೋಲು ಹೆಚ್ಚಿರಬಾರದು. ಅಂಥವರಿಗೆ ಇದು ಸೊಗಸಾಗಿ ಕೆಲಸ ಮಾಡುತ್ತದೆ. ನಾಲ್ಕನೇ ದರ್ಜೆಯದ್ದು ಹೊರಗೇ ಗಟ್ಟಿಯಾಗಿ ಕೂತಿದ್ದರೆ ಎಷ್ಟು ಎಳೆದರೂ ಮೇಲೆ ಹೋಗುವುದಿಲ್ಲ. ಒಂದೇ ಕಡೆ ದೊಡ್ಡ ಮೊಳಕೆ ಇದ್ದವರಿಗೆ ಆ ಒಂದನ್ನು ಕತ್ತರಿಸುವುದೇ ಸರಿ, ಅದಕ್ಕಾಗಿ ಸುತ್ತಳತೆ ಪೂರ್ತಿ ಹೊಲಿಯಬೇಕಾದ್ದಿಲ್ಲ. ಕೀವಿದ್ದರೆ ಮೊದಲು ಕೀವು ತೆಗೆಯಬೇಕು. ಹಳೆಯ ಇಂಜೆಕ್ಷನ್ನಿನಿಂದಲೋ ಸುಟ್ಟದ್ದರಿಂದಲೋ ಬಾಗಿಲು ಕಿರಿದಾಗಿದ್ದವರಿಗೆ ಸ್ಟೇಪ್ಲರಿನ ಕೊಳವೆಯೇ ಒಳಗೆ ಹೋಗುವುದಿಲ್ಲ. ಹೆರಿಗೆಯಲ್ಲಿ ಸ್ನಾಯು ಹರಿದು, ಗಾಳಿ ತಡೆಯಲು ಈಗಾಗಲೇ ಕಷ್ಟಪಡುತ್ತಿರುವ ತಾಯಂದಿರನ್ನು ಎರಡು ಸಲ ಯೋಚಿಸದೆ ಮೇಜಿಗೆ ಹತ್ತಿಸಬಾರದು.

ಒಮ್ಮೆ ತೆಂಗು-ಅಡಿಕೆ ಇದ್ದ, ಅನುಕೂಲಸ್ಥ ಯಜಮಾನರೊಬ್ಬರು ಬಂದರು. ಒಂದೇ ಮೊಳಕೆ, ಜೊತೆಗೆ ಹೊರಗೆ ಮೂರು ಕಡೆ ಚರ್ಮದ ಜೋಲು. 'ದುಡ್ಡಿನ ಮುಖ ನೋಡಬೇಡಿ ಡಾಕ್ಟ್ರೇ, ನಮ್ಮ ಬೀಗರಿಗೆ ಮಾಡಿದ್ದನ್ನೇ ಮಾಡಿ' ಎಂದು ಪಟ್ಟು ಹಿಡಿದರು. 'ಯಜಮಾನ್ರೇ, ಪಿನ್ ಹೊಡೆದ ಮೇಲೂ ಈ ಜೋಲು ಹೀಗೇ ಇರುತ್ತೆ. ಮನೆಗೆ ಹೋಗಿ ಕೈಯಿಟ್ಟು ನೋಡಿಕೊಂಡು, ಆಪರೇಷನ್ನೇ ಆಗಿಲ್ಲ ಅಂತೀರಿ' ಎಂದೆ. ಅರ್ಧ ಗಂಟೆ ಹಿಡಿಯಿತು. ಕೊನೆಗೆ ಹಳೆಯ ಪದ್ಧತಿಯಲ್ಲೇ ಮಾಡಿದೆ. ಮೂರು ವಾರ ನೋವುಂಡರು, ಆಮೇಲೆ ಆ ಕಡೆಯ ಯೋಚನೆ ಬಿಟ್ಟು ತೋಟಕ್ಕೆ ಇಳಿದರು. ಒಪ್ಪಿಸಲು ಕಳೆದ ಆ ಅರ್ಧ ಗಂಟೆಯೂ ಶಸ್ತ್ರಚಿಕಿತ್ಸೆಯ ಭಾಗವೇ ಎಂದು ನಾನು ನಂಬಿದ್ದೇನೆ.

4. ರಕ್ತಹೀನರನ್ನು ಅವಸರದಲ್ಲಿ ಮೇಜಿಗೆ ಹತ್ತಿಸಬೇಡಿ

ಹೆಂಗಸರು ಹೇಳಿಕೊಳ್ಳುವುದಿಲ್ಲ. 'ಬಿಸಿಲಿಗೆ ತಲೆ ಸುತ್ತುತ್ತೆ', 'ಏರಿ ಹತ್ತಿದ್ರೆ ಉಸಿರು ಕಟ್ಟುತ್ತೆ' ಎಂದು ಬರುತ್ತಾರೆ. ಕಣ್ಣಿನ ರೆಪ್ಪೆ ಬಿಡಿಸಿದರೆ ಒಳಗೆ ಕಾಗದದ ಬಿಳುಪು. ಹಿಮೋಗ್ಲೋಬಿನ್ ಐದರ ಆಸುಪಾಸು. ಕೆದಕಿ ಕೆದಕಿ ಕೇಳಿದ ಮೇಲೆ, ಜೊತೆಗೆ ಬಂದ ಮಗನನ್ನು ಹೊರಗೆ ಕಳಿಸಿದ ಮೇಲೆ, ವರ್ಷಗಳಿಂದ ರಕ್ತ ಹೋಗುತ್ತಿರುವುದು ಬಾಯಿಗೆ ಬರುತ್ತದೆ.

ಇಲ್ಲೂ ಎಲ್ಲವನ್ನೂ ಮೂಲವ್ಯಾಧಿಯ ತಲೆಗೆ ಕಟ್ಟಬಾರದು. ತೋಟದ ತೇವದಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಕೊಕ್ಕೆಹುಳುವಿನ ಕಾಟ ಇರಬಹುದು. ಮುಟ್ಟಿನ ಸ್ರಾವ ಹೆಚ್ಚಿರಬಹುದು, ಕರುಳಿನಲ್ಲಿ ಬೇರೆಯೇ ಕಾಯಿಲೆ ಇರಬಹುದು. ಇನ್ನೊಂದು ಸೂಕ್ಷ್ಮ ಉಂಟು. ಕಬ್ಬಿಣದ ಮಾತ್ರೆ ಕೊಟ್ಟರೆ ಮಲ ಗಟ್ಟಿಯಾಗುತ್ತದೆ, ಕಪ್ಪಾಗುತ್ತದೆ. ತಿಣುಕಿ ಮತ್ತೆ ರಕ್ತ. 'ನೀವು ಕೊಟ್ಟ ಮಾತ್ರೆಯಿಂದ ಜಾಸ್ತಿ ಆಯ್ತು' ಎಂದು ಬಿಟ್ಟುಬಿಡುತ್ತಾರೆ. ಮಾತ್ರೆಯ ಜೊತೆಗೆ ಇಸಬ್‌ಗೋಲನ್ನೂ ಬರೆದು ಕೊಟ್ಟು, ಮಲದ ಬಣ್ಣ ಬದಲಾಗುವುದನ್ನು ಮೊದಲೇ ಹೇಳಬೇಕು. ತೀರಾ ಕಡಿಮೆ ಇದ್ದವರಿಗೆ ಕಬ್ಬಿಣವನ್ನು ನರದ ಮೂಲಕ ಕೊಡುವುದು ಲೇಸು, ಕೆಲವರಿಗೆ ರಕ್ತವನ್ನೇ ಕೊಡಬೇಕು. ರಕ್ತ ಒಂದು ಮಟ್ಟಕ್ಕೆ ಬಂದ ಮೇಲೆ ಆಪರೇಷನ್.

5. ಎಲ್ಲ ಇರುವುದು ಆ ಒಂದು ಸುತ್ತು ಹೊಲಿಗೆಯಲ್ಲಿ

ಸ್ಟೇಪ್ಲರ್ ಆಪರೇಷನ್ ಎಂದರೆ ಯಂತ್ರ ಮಾಡುವ ಕೆಲಸ ಎಂದು ಜನ ತಿಳಿದಿದ್ದಾರೆ. ಕೆಲವು ಕಿರಿಯ ಸರ್ಜನ್ನರೂ ಹಾಗೇ ತಿಳಿದಿರುತ್ತಾರೆ. ಯಂತ್ರ ಮಾಡುವುದು ಕೊನೆಯ ಒಂದು ಹೊಡೆತ. ಆ ಹೊಡೆತ ಎಲ್ಲಿ ಬೀಳಬೇಕು ಎಂಬುದನ್ನು ಅದಕ್ಕೂ ಮೊದಲು ಕೈಯಲ್ಲಿ ಹಾಕಿದ ಪರ್ಸ್‌ಸ್ಟ್ರಿಂಗ್ ಹೊಲಿಗೆ ನಿರ್ಧರಿಸಿಬಿಟ್ಟಿರುತ್ತದೆ. ನೋವು, ರಕ್ತಸ್ರಾವ, ಮರುಕಳಿಸುವುದು, ಮಲ ತಡೆಯಲಾಗದ ಅವಸರ, ಸೋಂಕು ಎಲ್ಲದರ ಬೇರು ಅಲ್ಲಿದೆ. ಅದಕ್ಕೇ ಈ ಪಾಠಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಜಾಗ.

ಬೆನ್ನಿಗೆ ಅರಿವಳಿಕೆ ಕೊಟ್ಟು ಕಾಲು ಮೇಲೆತ್ತಿ ಕಟ್ಟಿದ ಮೇಲೆ, ಜಾರಿದ ಭಾಗವನ್ನು ಮೃದುವಾಗಿ ಒಳಗೆ ಸೇರಿಸಿ, 33 ಮಿಲಿಮೀಟರ್ ಸ್ಟೇಪ್ಲರಿಗೆ ಹೊಂದುವ ಪಾರದರ್ಶಕ ಕೊಳವೆಯನ್ನು ಬಾಗಿಲಿಗೆ ಕೂರಿಸಿ ನಾಲ್ಕು ಕಡೆ ಚರ್ಮಕ್ಕೆ ಹೊಲಿದು ನಿಲ್ಲಿಸುತ್ತೇವೆ. ಈ ಕೊಳವೆಯ ಗೋಡೆಯ ಮೂಲಕ ಡೆಂಟೇಟ್ ಗೆರೆ ಕಣ್ಣಿಗೆ ಕಾಣಬೇಕು. ಕಾಣದಿದ್ದರೆ ಮುಂದೆ ಹೋಗಬಾರದು. ಕೊಳವೆ ಅಷ್ಟು ಒಳಗೆ ಹೋಗಿ ಗೆರೆಯನ್ನು ಮುಚ್ಚಿ ಕಾಪಾಡುವುದೇ ಅದರ ಕೆಲಸ.

ಆಮೇಲೆ ಒಂದು ಬದಿ ತೆರೆದಿರುವ ಒಳಕೊಳವೆಯನ್ನು ತಿರುಗಿಸುತ್ತ, ಗೆರೆಯಿಂದ ಮೂರ್ನಾಲ್ಕು ಸೆಂಟಿಮೀಟರ್ ಮೇಲೆ 2-0 ಪ್ರೋಲೀನ್ ದಾರದಲ್ಲಿ ಸುತ್ತ ಹೊಲಿಯುತ್ತೇವೆ. ಎಲೆಅಡಿಕೆ ಸಂಚಿಯ ಬಾಯಿಗೆ ಪೋಣಿಸಿದ ಲಾಡಿಯ ಹಾಗೆ, ಎಳೆದರೆ ಬಾಯಿ ಪೂರ್ತಿ ಮುಚ್ಚಿಕೊಳ್ಳಬೇಕು. ಪಕ್ಕಪಕ್ಕದ ಚುಚ್ಚುಗಳ ನಡುವೆ ತೆರಪು ಬಿಟ್ಟರೆ ಆ ಭಾಗ ಯಂತ್ರದ ಬಾಯಿಗೆ ಸಿಗದೆ ಹಾಗೇ ಉಳಿಯುತ್ತದೆ. ತಿಂಗಳೊಪ್ಪತ್ತಿನಲ್ಲಿ ಅದೇ ಕಡೆ ಮೊಳಕೆ ಹಣಕುತ್ತದೆ. ಸೂಜಿ ಒಳಪದರ ಮತ್ತು ಅದರ ಕೆಳಪದರವನ್ನಷ್ಟೇ ಹಿಡಿಯಬೇಕು. ದಾರ ಅರೆಪಾರದರ್ಶಕ ಪೊರೆಯಡಿ ನೀಲಿಯಾಗಿ ಕಂಡೂ ಕಾಣದ ಹಾಗೆ ಹೋಗುತ್ತಿದ್ದರೆ ಆಳ ಸರಿಯಿದೆ. ಕೈಗೆ ಬಿಗಿ ತಗಲಿ, ಎಳೆದರೆ ಗೋಡೆಯೇ ದಪ್ಪವಾಗಿ ಬಂದಂತಾದರೆ ಸ್ನಾಯು ಸಿಕ್ಕಿದೆ. ಆ ಚುಚ್ಚನ್ನು ಬಿಚ್ಚಿ ಮತ್ತೆ ಹಾಕಬೇಕು.

ಎತ್ತರ ಎಲ್ಲಕ್ಕಿಂತ ಮುಖ್ಯ. ಯಂತ್ರ ಹೊಡೆದ ಮೇಲೆ ಪಿನ್ನಿನ ಸಾಲು ಗೆರೆಯಿಂದ ಎರಡು ಸೆಂಟಿಮೀಟರಿಗಾದರೂ ಮೇಲೆ ನಿಲ್ಲಬೇಕು. ಹೊಲಿಗೆ ತೀರಾ ಕೆಳಗಾದರೆ ಪಿನ್ನು ನೋವಿನ ಜಾಗಕ್ಕೆ ಬೀಳುತ್ತದೆ. ನೋವಿಲ್ಲ ಎಂಬ ಭರವಸೆಯ ಮೇಲೆ ಬಂದ ಮನುಷ್ಯ ತಿಂಗಳುಗಟ್ಟಲೆ ಕೂರಲಾರದೆ ಒದ್ದಾಡುತ್ತಾನೆ, ಬಂತು ಎಂದರೆ ತಡೆಯಲಾಗದ ಅವಸರವೂ ಕಾಡುತ್ತದೆ. ತೀರಾ ಮೇಲಾದರೆ ಕೆಳಗಿನದು ಎಳೆದುಕೊಳ್ಳುವುದೇ ಇಲ್ಲ, ಆಪರೇಷನ್ ದಂಡ. ಸುತ್ತು ಹೊಲಿಯುತ್ತ ಹೊಲಿಯುತ್ತ ಕೈ ತಾನಾಗಿಯೇ ಮೇಲೇರುವುದು ಎಲ್ಲರಿಗೂ ಆಗುವಂಥದ್ದು. ಹೊರಟ ಬಿಂದುವಿಗೆ ಮರಳಿದಾಗ ಎರಡು ತುದಿ ಒಂದೇ ಮಟ್ಟದಲ್ಲಿವೆಯೇ ಎಂದು ನೋಡಲೇಬೇಕು. ಬೆರಳು ಒಳಗಿಟ್ಟು ದಾರವನ್ನು ಮೆಲ್ಲಗೆ ಎಳೆದರೆ ಬೆರಳ ಸುತ್ತ ಎಲ್ಲ ಕಡೆಯಿಂದಲೂ ಸಮನಾದ ಬಿಗಿ ತಗಲಬೇಕು. ಒಂದು ಕಡೆ ಸಡಿಲ ಅನಿಸಿದರೆ ದಾರ ಕಿತ್ತು ಹೊಸ ದಾರ ತೆಗೆದುಕೊಳ್ಳುವುದಕ್ಕೆ ಹಿಂದೆಮುಂದೆ ನೋಡುವುದಿಲ್ಲ. ಹತ್ತು ನಿಮಿಷ ಹೆಚ್ಚು ಹಿಡಿದರೆ ಅರಿವಳಿಕೆಯ ಡಾಕ್ಟರು ಗೊಣಗಬಹುದು, ರೋಗಿಗೆ ಅದರಿಂದ ವರ್ಷಗಳ ಲಾಭ.

6. ಹೊಡೆಯುವ ಮುಂಚಿನ ಅರ್ಧ ನಿಮಿಷ, ಹೊಡೆದ ಮೇಲಿನ ಅರ್ಧ ನಿಮಿಷ

ಯಂತ್ರವನ್ನು ಪೂರ್ತಿ ತೆರೆದು ಅದರ ತಲೆಯನ್ನು ಹೊಲಿಗೆಯ ಆಚೆಗೆ ದಾಟಿಸಬೇಕು. ದಾಟಿದ್ದು ಖಾತ್ರಿಯಾದ ಮೇಲೇ ದಾರ ಬಿಗಿದು ಗಂಟು. ತಲೆ ಹೊಲಿಗೆಯ ಈಚೆಗೇ, ಪೊರೆಯ ಮಡಿಕೆಯೊಂದರಲ್ಲಿ ಸಿಕ್ಕಿಕೊಂಡಿದ್ದಾಗ ಹೊಡೆದು ಗುದನಾಳವೇ ಮುಚ್ಚಿಹೋದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಅಪರೂಪ, ಆದರೆ ಆದವರ ಪಾಡು ಹೇಳತೀರದು.

ದಾರದ ಎರಡು ತುದಿಗಳನ್ನು ಯಂತ್ರದ ಪಕ್ಕದ ಕಿಂಡಿಗಳಿಂದ ಹೊರಗೆಳೆದು, ಒಂದೇ ಹದದ ಎಳೆತ ಇಟ್ಟುಕೊಂಡು, ತಿರುಪನ್ನು ತಿರುಗಿಸಿ ಮುಚ್ಚುತ್ತಾ ಹೋಗುತ್ತೇವೆ. ಗುರುತಿನ ಕಡ್ಡಿ ಹಸಿರು ಪಟ್ಟಿಯೊಳಗೆ ಬರಬೇಕು. ರೋಗಿ ಹೆಂಗಸಾಗಿದ್ದರೆ ಇಲ್ಲಿ ನಿಲ್ಲಬೇಕು. ಯೋನಿಯೊಳಗೆ ಬೆರಳಿಟ್ಟು ಹಿಂಗೋಡೆ ಸಲೀಸಾಗಿ ಸರಿದಾಡುತ್ತಿದೆಯೇ, ಯಂತ್ರದ ಬಾಯಿಗೆ ಸಿಕ್ಕಿಲ್ಲವೇ ಎಂದು ನೋಡದೆ ಹೊಡೆಯಕೂಡದು. ಸಿಕ್ಕಿದ್ದರೆ ನಡುವೆ ತೂತಾಗಿ ಮಲ ಆ ದಾರಿಯಲ್ಲಿ ಬರುತ್ತದೆ. ಒಂದು ಹೆಣ್ಣಿನ ಬದುಕನ್ನು ಅಷ್ಟು ಹಾಳುಮಾಡುವ ಇನ್ನೊಂದು ತೊಡಕು ಈ ಆಪರೇಷನ್ನಿನಲ್ಲಿ ಇಲ್ಲ. ನನ್ನ ಥಿಯೇಟರಿನಲ್ಲಿ ಈ ಪರೀಕ್ಷೆ ಆಯಿತೆಂದು ನರ್ಸ್ ಗಟ್ಟಿಯಾಗಿ ಹೇಳುವವರೆಗೆ ಯಂತ್ರದ ಬೀಗ ತೆಗೆಯುವುದಿಲ್ಲ.

ಮುಚ್ಚಿದ ಮೇಲೆ ಅರ್ಧ ನಿಮಿಷ ಸುಮ್ಮನೆ ಹಿಡಿದಿರಬೇಕು. ಊತದ ನೀರು ಹಿಂಡಿಹೋಗಿ ಪೊರೆ ತೆಳುವಾಗುತ್ತದೆ, ಪಿನ್ನು ಸರಿಯಾಗಿ ಮಡಚಿಕೊಳ್ಳುತ್ತದೆ. ಹೊಡೆದ ಮೇಲೂ ಅಷ್ಟೇ ಹೊತ್ತು ತೆರೆಯದೆ ಒತ್ತಿ ಹಿಡಿದರೆ ರಕ್ತ ಒಸರುವುದು ಕಡಿಮೆ. ಅವಸರದ ಥಿಯೇಟರಿನಲ್ಲಿ ಅರ್ಧ ನಿಮಿಷವೆಂದರೆ ಬಹಳ ಉದ್ದ. ಗೋಡೆ ಗಡಿಯಾರ ನೋಡಿಯೇ ಎಣಿಸುವುದು ಒಳ್ಳೆಯದು.

7. ಕತ್ತರಿಸಿ ಬಂದ ಬಳೆಯನ್ನು ನೋಡದೆ ಕೈಗವಸು ಬಿಚ್ಚಬಾರದು

ಯಂತ್ರದೊಳಗಿಂದ ಬಂದ ಪೊರೆಯ ಬಳೆಯನ್ನು ಟ್ರೇ ಮೇಲೆ ಬಿಡಿಸಿಟ್ಟು ಬೆಳಕಿಗೆ ಹಿಡಿಯುತ್ತೇನೆ. ಸುತ್ತು ಎಲ್ಲೂ ಕಡಿಯದೆ ಪೂರ್ತಿಯಾಗಿದೆಯೇ? ಅಗಲ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಇದೆಯೇ? ಹಿಂಬದಿಯಲ್ಲಿ ಸ್ನಾಯುವಿನ ಕೆಂಪು ಎಳೆಗಳು ಎಷ್ಟಿವೆ? ಒಂದೆರಡು ತೆಳು ಎಳೆ ಇರುವುದುಂಟು, ದಪ್ಪನೆಯ ಪದರವೇ ಬಂದಿದ್ದರೆ ಆ ರೋಗಿಯನ್ನು ಮಾರನೇ ದಿನ ಮನೆಗೆ ಕಳಿಸುವ ಮಾತಿಲ್ಲ. ಅಳತೆಯನ್ನೂ ಕಂಡದ್ದನ್ನೂ ಕೇಸ್ ಶೀಟಿನಲ್ಲಿ ಬರೆದು, ಬಳೆಯನ್ನು ಪೆಥಾಲಜಿಗೆ ಕಳಿಸಬೇಕು.

ಆಮೇಲೆ ಪಿನ್ನಿನ ಸಾಲನ್ನು ಸುತ್ತ ನೋಡಬೇಕು. ಚಿಮ್ಮುವ ಅಥವಾ ಒಸರುವ ಬಿಂದು ಸಿಕ್ಕರೆ 3-0 ವಿಕ್ರಿಲ್ ದಾರದಲ್ಲಿ ಒಂದು ಹೊಲಿಗೆ. ಸುಟ್ಟು ನಿಲ್ಲಿಸಲು ಹೋಗಬಾರದು, ಲೋಹದ ಪಿನ್ನಿನ ಮೇಲೆ ಕರೆಂಟು ಹರಿಸಿ ಸುತ್ತಲಿನದನ್ನು ಕೊಲ್ಲುವುದು ಬೇಡ. ಮೇಜಿನ ಮೇಲೆ ನಿಂತ ಹಾಗೆ ಕಂಡ ರಕ್ತ, ಅರಿವಳಿಕೆ ಇಳಿದು ಬಿಪಿ ಏರಿದ ಮೇಲೆ ಮತ್ತೆ ಶುರುವಾಗುವುದುಂಟು. ಅದಕ್ಕಾಗಿ ಐದು ನಿಮಿಷ ಕಾದು ಇನ್ನೊಮ್ಮೆ ನೋಡುತ್ತೇನೆ. ಶಿವನಿ ಸುತ್ತಿನ ಹಳ್ಳಿಯಲ್ಲಿ ರಾತ್ರಿ ಹನ್ನೊಂದಕ್ಕೆ ರಕ್ತ ಸುರಿಯತೊಡಗಿದರೆ 108 ಬಂದು, ಹೊತ್ತು ತಂದು, ಥಿಯೇಟರ್ ತೆರೆಯುವಷ್ಟರಲ್ಲಿ ಆಗುವ ಹೊತ್ತನ್ನು ನೆನೆದರೆ ಆ ಐದು ನಿಮಿಷ ಏನೂ ಅಲ್ಲ.

8. ಹೆಚ್ಚುತ್ತಾ ಹೋಗುವ ನೋವನ್ನು ಮಾತ್ರೆಯಿಂದ ಮುಚ್ಚಬೇಡಿ

ಮೊದಲ ವಾರ ಭಾರ, ತುಂಬಿದ ಭಾವ, ಒಂದಿಷ್ಟು ರಕ್ತ ಸಹಜ. ಬೆನ್ನಿನ ಅರಿವಳಿಕೆಯ ನಂತರ ಮೂತ್ರ ಕಟ್ಟುವುದು, ಅದರಲ್ಲೂ ವಯಸ್ಸಾದ ಗಂಡಸರಲ್ಲಿ, ಬಹಳ ಸಾಮಾನ್ಯ. ಡ್ರಿಪ್ ಮಿತವಾಗಿ ಕೊಟ್ಟರೆ ಅರ್ಧ ತೊಂದರೆ ತಪ್ಪುತ್ತದೆ. ಆದರೆ ಜ್ವರ, ಮೂತ್ರ ಕಟ್ಟುವುದು, ದಿನದಿಂದ ದಿನಕ್ಕೆ ಹೆಚ್ಚುವ ನೋವು ಮೂರೂ ಕೂಡಿ ಬಂದರೆ ಗುದನಾಳದ ಹೊರಗೆ ಸೋಂಕು ಹಬ್ಬುತ್ತಿದೆ ಎಂದೇ ಹಿಡಿದು ನಡೆಯಬೇಕು. ಸ್ಟೇಪ್ಲರ್ ಹೊಸದಾಗಿದ್ದ ಕಾಲದಲ್ಲೇ, 2000ದಲ್ಲಿ, ಪ್ರಾಣಕ್ಕೆ ಕುತ್ತು ತಂದ ಇಂಥ ಸೋಂಕಿನ ವರದಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದಿತ್ತು. ಅದೇ ವರ್ಷ ಅದೇ ಪತ್ರಿಕೆಯಲ್ಲಿ, ಹೋಗದೆ ಉಳಿದ ನೋವು ಮತ್ತು ಅವಸರದ ಬಗೆಗೂ ಬರೆದಿದ್ದರು. ಅವೆಲ್ಲ ವಿಲಾಯಿತಿಯ ಮಾತು ಎಂದು ತಳ್ಳಿಹಾಕುವಂತಿಲ್ಲ.

ಮನೆಗೆ ಹೋದ ಮೇಲೆ ನೋವು ಹೆಚ್ಚಾದರೆ ಊರಿನ ಮೆಡಿಕಲ್ ಶಾಪಿನಲ್ಲಿ ಮಾತ್ರೆ ತಗೊಂಡು ಸುಮ್ಮನಾಗುವುದು ನಮ್ಮವರ ರೂಢಿ. ಅದಕ್ಕೆ ಡಿಸ್ಚಾರ್ಜ್ ದಿನ ರೋಗಿಗಿಂತ ಮನೆಯ ಇನ್ನೊಬ್ಬರನ್ನು ಕೂರಿಸಿಕೊಂಡು ಹೇಳುತ್ತೇನೆ: 'ನೋವು ದಿನೇದಿನೇ ಇಳೀಬೇಕು ತಾಯಿ. ಏರಿದ್ರೆ, ಚಳಿ ಬಂದ್ರೆ, ಒಂದಕ್ಕೆ ಹೋಗದೆ ಇದ್ರೆ, ಬೆಳಗಾಗ್ಲಿ ಅಂತ ಕಾಯಬೇಡಿ, ಅದೇ ರಾತ್ರಿ ಕರ್ಕೊಂಡು ಬನ್ನಿ.' ಎನಿಮಾ ಕೊಡಬಾರದು, ಬೇರೆ ಯಾರೂ ಬೆರಳು ಹಾಕಬಾರದು ಎಂಬುದನ್ನೂ ಅದೇ ಉಸಿರಿಗೆ ಸೇರಿಸುತ್ತೇನೆ.

9. ಎರಡನೇ ದಿನದ ನಗು ನೋಡಿ ಫಲಿತಾಂಶ ಬರೆಯಬೇಡಿ

ಸ್ಟೇಪ್ಲರ್ ಆದವರು ಮಾರನೇ ದಿನ ಎದ್ದು ಓಡಾಡುವುದನ್ನು ಕಂಡರೆ ಯಾರಿಗೂ ಸಂತೋಷವೇ. ಮೊದಲ ವಾರಗಳಲ್ಲಿ ನೋವು ಕಡಿಮೆ, ಕೆಲಸಕ್ಕೆ ಬೇಗ ಮರಳುತ್ತಾರೆ ಎಂಬುದು 2000ದಿಂದೀಚೆಗಿನ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡದ್ದು. ಬ್ರಿಟನ್ನಿನ ನೈಸ್ ಸಂಸ್ಥೆ 2007ರಲ್ಲಿ, ಹೊರಜಾರುವ ಒಳಮೂಲವ್ಯಾಧಿಗೆ ಇದೂ ಒಂದು ಆಯ್ಕೆ ಎಂದು ಒಪ್ಪಿತು. ಆದರೆ 2006ರ ಕಾಕ್ರೇನ್ ಪರಾಮರ್ಶೆಯೇ ಸ್ಟೇಪ್ಲರಿನ ನಂತರ ಮರುಕಳಿಸುವುದು ಹೆಚ್ಚೆಂದು ಎಚ್ಚರಿಸಿತ್ತು. 2016ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂದ ಈಥಾಸ್ ಅಧ್ಯಯನ ಇದನ್ನು ಇನ್ನೂ ಬಿಡಿಸಿ ಹೇಳಿತು. ಬ್ರಿಟನ್ನಿನ 32 ಆಸ್ಪತ್ರೆಗಳ 777 ರೋಗಿಗಳನ್ನು ಎರಡು ಗುಂಪು ಮಾಡಿ, ಎರಡು ವರ್ಷ ಹಿಂಬಾಲಿಸಿದರು. ಆರಂಭದಲ್ಲಿ ನೋವು ಸ್ಟೇಪ್ಲರ್ ಗುಂಪಿಗೆ ಕಡಿಮೆ. ಆದರೆ ಎರಡು ವರ್ಷದ ಹೊತ್ತಿಗೆ ಮರುಕಳಿಸಿದೆ ಎಂದವರು ಸ್ಟೇಪ್ಲರ್ ಗುಂಪಿನಲ್ಲಿ ನೂರಕ್ಕೆ 42, ಹಳೆಯ ಪದ್ಧತಿಯಲ್ಲಿ 25. ಒಟ್ಟಾರೆ ಜೀವನದ ಗುಣಮಟ್ಟದಲ್ಲೂ ಖರ್ಚಿನಲ್ಲೂ ಹಳೆಯದೇ ಮೇಲು.

ಈ ಅಂಕಿಗಳನ್ನು ಓದಿ ಸ್ಟೇಪ್ಲರನ್ನೇ ಕೈಬಿಟ್ಟ ಸರ್ಜನ್ನರಿದ್ದಾರೆ. ನಾನು ಬಿಟ್ಟಿಲ್ಲ. ನನ್ನ ತೀರ್ಮಾನ ಇಷ್ಟು: ರೋಗಿಯನ್ನು ಹೆಚ್ಚು ಕಟ್ಟುನಿಟ್ಟಾಗಿ ಆರಿಸಬೇಕು, ಎರಡೂ ಲೆಕ್ಕವನ್ನು ಅವರ ಮುಂದೆ ಇಡಬೇಕು. ದಿನಗೂಲಿಯ ಮೇಲೆ ಮನೆ ನಡೆಸುವವನಿಗೆ ಮೂರು ವಾರ ಮೊದಲೇ ಕೆಲಸಕ್ಕೆ ಹೋಗುವುದು ದೊಡ್ಡ ಮಾತು, ಮುಂದೆ ಮರುಕಳಿಸಿದರೆ ಬ್ಯಾಂಡ್ ಹಾಕಿಸಿಕೊಳ್ಳಲು ಅವನು ಸಿದ್ಧನಿರಬಹುದು. ಮಗಳ ಮದುವೆ ಮುಗಿಸಿ ಬಿಡುವಾಗಿ ಬಂದ ತಾಯಿಗೆ ಇನ್ನೊಮ್ಮೆ ಆಸ್ಪತ್ರೆಯ ಮುಖ ನೋಡುವುದೇ ಬೇಡ, ಅವರಿಗೆ ನೋವು ಹೆಚ್ಚಾದರೂ ಹಳೆಯದೇ ಸರಿ. ಇದು ಅವರವರ ಬದುಕಿನ ಲೆಕ್ಕ. ಅದನ್ನು ನಾನು ಅವರ ಪರವಾಗಿ ಹಾಕುವಂತಿಲ್ಲ. 42 ಮತ್ತು 25 ಎಂಬ ಎರಡು ಅಂಕಿಯನ್ನು ಬಚ್ಚಿಟ್ಟು ಸಹಿ ಹಾಕಿಸಿಕೊಳ್ಳುವಂತೆಯೂ ಇಲ್ಲ.

10. ಒಂದು ಯಂತ್ರ, ಒಬ್ಬ ರೋಗಿ

ಸ್ಟೇಪ್ಲರ್ ಒಮ್ಮೆ ಬಳಸಿ ಎಸೆಯುವಂಥದ್ದು. ಆಪರೇಷನ್ನಿನ ಬಿಲ್ಲಿನಲ್ಲಿ ದೊಡ್ಡ ಪಾಲು ಅದರದೇ. ಹಣ ಉಳಿಸಲೆಂದು ತೊಳೆದು ಮತ್ತೆ ಬಳಸುವ ಆಲೋಚನೆ ಯಾರಿಗೂ ಬರಬಾರದು. ಮೊಂಡಾದ ಅಲಗು, ಅರ್ಧ ಮಡಚಿದ ಪಿನ್ನು ಬಡವನ ಕರುಳಿಗೂ ಅಷ್ಟೇ ಅಪಾಯ. ಪೊಟ್ಟಣವನ್ನು ರೋಗಿಯ ಕಡೆಯವರ ಎದುರು ತೆರೆಸಿ, ಅದರ ಲೇಬಲ್ಲನ್ನು ಕೇಸ್ ಶೀಟಿಗೆ ಅಂಟಿಸಬೇಕು. ಹಣ ಸಾಲದಿದ್ದರೆ ಹಳೆಯ ಪದ್ಧತಿಯಲ್ಲಿ ಮಾಡಿದರಾಯಿತು, ಅದರಿಂದ ಯಾರೂ ಕೆಟ್ಟಿಲ್ಲ.

11. ಊಟದ ಮಾತು ಹೇಳಲು ಸಮಯವಿಲ್ಲ ಎನ್ನಬೇಡಿ

ಜಾರಿದ್ದನ್ನು ಎತ್ತಿ ಕಟ್ಟಿದರೂ, ತಿಣುಕುವ ಅಭ್ಯಾಸ ಹಾಗೇ ಇದ್ದರೆ ಅದು ಮತ್ತೆ ಜಾರುತ್ತದೆ. ನಮ್ಮ ಕಡೆಯ ಊಟ ಮೂಲತಃ ಒಳ್ಳೆಯದೇ. ರಾಗಿಮುದ್ದೆ, ಸೊಪ್ಪಿನ ಸಾರು, ಕಾಳುಪಲ್ಯ. ಮುದ್ದೆ ಹೋಗಿ ಎರಡು ಹೊತ್ತೂ ಬಿಳಿ ಅನ್ನ, ಬೇಕರಿಯ ಬನ್ನು, ಹಗಲೆಲ್ಲ ನೀರಿಲ್ಲದೆ ಬಿಸಿಲಿನ ದುಡಿಮೆ ಬಂದಿರುವುದೇ ತೊಂದರೆ. ಉಷ್ಣವಾಗುತ್ತದೆ ಎಂದು ಕೋಳಿ, ಮೊಟ್ಟೆ ಬಿಟ್ಟವರು ಬೇಕಾದಷ್ಟು ಮಂದಿ, ಸೊಪ್ಪು ಹೆಚ್ಚಿಸಿದವರು ವಿರಳ. ಕೋಳಿ ಬಿಡಬೇಕಿಲ್ಲ, ಅದರ ಜೊತೆ ನಾರು ಮತ್ತು ನೀರು ಬೇಕು. ಕಕ್ಕಸಿನಲ್ಲಿ ಮೊಬೈಲ್ ಹಿಡಿದು ಅರ್ಧ ಗಂಟೆ ಕೂರುವ ಹೊಸ ರೋಗ ಹಳ್ಳಿಗೂ ಬಂದಿದೆ. ಅದನ್ನು ಹೆಂಡತಿಯ ಎದುರು ಹೇಳಿದರೆ ಪರಿಣಾಮ ಜಾಸ್ತಿ. ರಾತ್ರಿ ಮಲಗುವಾಗ ಇಸಬ್‌ಗೋಲು, ದಿನಕ್ಕೆರಡು ಸಲ ಟಬ್ಬಿನಲ್ಲಿ ಬೆಚ್ಚನೆಯ ನೀರಿನಲ್ಲಿ ಕೂರುವುದು, ಆರು ವಾರ ಮೂಟೆ ಹೊರದಿರುವುದು. ಇಷ್ಟನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು ಕೊಡುತ್ತೇನೆ.

12. ಪಿನ್ನಿನ ವಿಷಯ ಮುಂದಿನ ಡಾಕ್ಟರಿಗೂ ಗೊತ್ತಾಗಲಿ

ಪಿನ್ನುಗಳಲ್ಲಿ ಕೆಲವು ತಾವಾಗಿ ಉದುರಿಹೋಗುತ್ತವೆ, ಉಳಿದವು ಅಲ್ಲೇ ಇರುತ್ತವೆ. ಟೈಟಾನಿಯಂ ಆದ್ದರಿಂದ ಮುಂದೆ ಎಂಆರ್‌ಐ ಮಾಡಿಸಲು ಸಾಮಾನ್ಯವಾಗಿ ಅಡ್ಡಿಯಿಲ್ಲ, ಆದರೆ ಸ್ಕ್ಯಾನ್ ಮಾಡುವವರಿಗೆ ಹೇಳಬೇಕು. ವರ್ಷಗಳ ನಂತರ ಬೇರೆ ಊರಿನಲ್ಲಿ ಯಾರಾದರೂ ಬ್ಯಾಂಡ್ ಹಾಕಲೋ, ಪ್ರಾಸ್ಟೇಟ್ ಪರೀಕ್ಷೆಗೆ ಗುದನಾಳದ ಮೂಲಕ ಸೂಜಿ ಚುಚ್ಚಲೋ ಹೊರಟರೆ ಅಲ್ಲೊಂದು ಪಿನ್ನಿನ ಸಾಲಿದೆ ಎಂಬುದು ಅವರಿಗೆ ತಿಳಿದಿರಬೇಕು. ಡಿಸ್ಚಾರ್ಜ್ ಚೀಟಿ ಮಳೆಗಾಲ ದಾಟುವುದಿಲ್ಲ, ಗೋಡೆಯ ತೇವಕ್ಕೆ ಕೊಳೆಯುತ್ತದೆ. ಆದ್ದರಿಂದ ಆಪರೇಷನ್ನಿನ ಹೆಸರು, ದಿನಾಂಕ, ಗೆರೆಯಿಂದ ಪಿನ್ನಿನ ಸಾಲಿನ ಎತ್ತರ, ಈ ಮೂರನ್ನು ಬರೆದ ಚೀಟಿಯ ಫೋಟೋವನ್ನು ಮನೆಯ ಓದಿದ ಹುಡುಗನ ಮೊಬೈಲಿಗೆ ಕಳಿಸಿ, ತಲುಪಿದೆಯೇ ಎಂದು ಅವನ ಪರದೆಯಲ್ಲೇ ನೋಡಿ, ಆಮೇಲೆ ಅವರನ್ನು ಬಸ್ಸಿಗೆ ಬಿಡುತ್ತೇವೆ.